ಗೋಲಿನ ಹಿಂದೆ ನಾಲ್ಕು ತಾಲ್ಲೂಕು

ಲಾರಿಯ ಟೈರು ಸಿಡಿಯಬಹುದಿತ್ತು. ಸಿಡಿಯದೆ ಉಳಿದರೆ ಡ್ರೈವರು ಮದ್ದೂರಿನಲ್ಲಿ ಕಾಫಿ ಕುಡೀತೀನಿ ಅಂತ ಇಳಿದು ಬೇರೇನೋ ಕುಡಿದು ಹತ್ತಬಹುದಿತ್ತು. ಬೇಸಿಗೆ ಮಳೆ ಹುಯ್ಯಬಹುದಿತ್ತು. ಲಾರಿಗೆ ಟಾರ್ಪಾಲು ಇರಲಿಲ್ಲ. ನಾಗಮಂಗಲದವರಿಗೂ ಕೆ.ಆರ್.ಪೇಟೆಯವರಿಗೂ ಲಾರಿಯೊಳಗೇ ಕೈ ಕೈ ಮಿಲಾಯಿಸಿ, ಚನ್ನಪಟ್ಟಣ ದಾಟುವ ಮೊದಲೇ ಅರ್ಧ ಜನ ಪೊಲೀಸ್ ಠಾಣೆಯಲ್ಲಿ ಕೂತಿರಬಹುದಿತ್ತು. ಬುತ್ತಿಯ ಮೊಸರನ್ನ ಹಳಸಿ ಮೂವತ್ತೆಂಟು ಹೊಟ್ಟೆಗಳೂ ಒಟ್ಟಿಗೆ ಕೆಡಬಹುದಿತ್ತು. ಬೆಂಗಳೂರಿನಲ್ಲಿ ದಾರಿ ತಪ್ಪಿ, ಫುಟ್‌ಬಾಲ್ ಮೈದಾನ ಅಂದುಕೊಂಡು ಕುದುರೆ ಜೂಜಿನ ಕಟ್ಟೆಯಲ್ಲಿ ಹೋಗಿ ಕೂರಬಹುದಿತ್ತು. ನಾವು ಗೆದ್ದರೆ ಅವರ ಕಡೆಯವರು ಕಲ್ಲು ತೂರಬಹುದಿತ್ತು. ಸೋತರೆ ನಮ್ಮ ಕಡೆಯವರೇ ತೂರಬಹುದಿತ್ತು. ನಮ್ಮ ಆಟಗಾರರಲ್ಲಿ ಯಾರದ್ದಾದರೂ ಕಾಲು ಮುರಿಯಬಹುದಿತ್ತು. ಮುರಿದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಯಾಕೆಂದರೆ ಔಷಧಿ ಚೀಲ ನನ್ನ ಹೆಗಲಲ್ಲಿತ್ತು. ಆ ಚೀಲದಲ್ಲಿದ್ದದ್ದು ಎತ್ತು ಎಮ್ಮೆಗಳಿಗೆ ಹಚ್ಚುವ ಮುಲಾಮು. ನಾನು ಪಾಂಡವಪುರದ ದನದ ಆಸ್ಪತ್ರೆಯ ಕಾಂಪೌಂಡರು.

ಇಷ್ಟನ್ನೂ ಅವತ್ತು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೆಂಡತಿಗೆ ಹೇಳಿದೆ. ಅವಳು ಬುತ್ತಿಯ ಗಂಟು ಬಿಗಿಯುತ್ತಿದ್ದಳು.

"ನೀವು ಅಂದ್ಕಂಡಿದ್ದು ಯಾವತ್ತಾರ ಆಗದಾ? ಸುಮ್ಕೆ ಓಗ್ಬನ್ನಿ" ಅಂದಳು. ಆಮೇಲೆ, "ಅಪ್ಪನ್ನ ರೋಡ್ ದಾಟಿಸುವಾಗ ಕೈ ಇಡ್ಕಳಿ. ನನ್ ತಮ್ಮನ್ನ ಯಾರಾರ ಏನಾರ ಅಂದ್ರೆ ನೀವ್ ಸ್ವಲ್ಪ ಬಾಯ್ ಬುಡಿ, ಗುಮ್ಮನಂಗೆ ನಿಂತ್ಕಬ್ಯಾಡಿ" ಅಂತ ಸೇರಿಸಿದಳು.

ಆ ಎರಡನೆಯ ಮಾತು ನನಗೆ ಚುಚ್ಚಿತು. ಯಾಕೆ ಅಂತ ಹೇಳಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳ ಹುಡುಗರನ್ನು ಸೇರಿಸಿ ಯಾರೋ ಪುಣ್ಯಾತ್ಮರು ಒಂದು ಕೂಡು ತಂಡ ಕಟ್ಟಿದ್ದರು. ಒಂದೊಂದು ತಾಲ್ಲೂಕಿನಲ್ಲೂ ಚೆಂಡು ಒದೆಯಬಲ್ಲವರು ಮೂವರೋ ನಾಲ್ವರೋ ಸಿಗುತ್ತಿದ್ದರಾದ್ದರಿಂದ ಅದು ಅನಿವಾರ್ಯವೂ ಆಗಿತ್ತು. ಗೋಲು ಕಾಯುತ್ತಿದ್ದವನು ಪಾಲಹಳ್ಳಿಯವನು, ನನ್ನ ಬಾಮೈದ, ಇಪ್ಪತ್ತನಾಲ್ಕು ವರ್ಷದ ಉದ್ದನೆಯ ಹುಡುಗ. ಅವನ ಅಪ್ಪ, ಅಂದರೆ ನನ್ನ ಮಾವನವರು, ಆ ಭಾಗದ ನೀರುಗಂಟಿ. ನಾಲೆಯಿಂದ ಗದ್ದೆಗೆ ನೀರು ಹರಿಯುವ ಕಿಂಡಿಗೆ ನಮ್ಮಲ್ಲಿ ತೂಬು ಅನ್ನುತ್ತಾರೆ. ಯಾವ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಅಂತ ಗೊತ್ತುಮಾಡಿ ಆ ತೂಬುಗಳನ್ನು ತೆಗೆಯುವುದು ಮುಚ್ಚುವುದು ನೀರುಗಂಟಿಯ ಕೆಲಸ. ಮಾವನವರು ನಲವತ್ತು ವರ್ಷ ಅದನ್ನೇ ಮಾಡಿದ್ದರು. ಅವರ ತೂಬಿನಿಂದ ಸರದಿ ತಪ್ಪಿ ಒಂದು ತಂಬಿಗೆ ನೀರು ಹೋಯಿತು ಅಂತ ಯಾರೂ ಹೇಳಿದ್ದಿಲ್ಲ.

ಹಿಂದಿನ ವರ್ಷ ಮೈಸೂರಿನಲ್ಲಿ ಒಂದು ಪಂದ್ಯ. ಸೊನ್ನೆ ಸೊನ್ನೆ ಇದ್ದಾಗ, ಇನ್ನೇನು ಶಿಳ್ಳೆ ಹೊಡೆಯಬೇಕು ಅನ್ನುವಾಗ, ಒಂದು ಸತ್ತ ಚೆಂಡು ಉರುಳುತ್ತಾ ಬಂತು. ಕೋಳಿಮರಿಯೂ ಅದಕ್ಕಿಂತ ಜೋರಾಗಿ ಬರುತ್ತೆ. ಬಾಮೈದ ಬಗ್ಗಿದ. ಚೆಂಡು ಅವನ ಎರಡು ಕಾಲಿನ ನಡುವೆ ನುಸುಳಿ ನಿಧಾನವಾಗಿ ಒಳಗೆ ಹೋಗಿ ನಿಂತಿತು. ಸೋತೆವು.

ಮಾರನೆಯ ದಿನ ಪಾಂಡವಪುರದ ಟೀ ಅಂಗಡಿಯಲ್ಲಿ ಅದೇ ಮಾತು. ನಾನು ಸಾಮಾನ್ಯವಾಗಿ ನಾಲ್ಕು ಜನರ ನಡುವೆ ಮಾತಾಡುವವನಲ್ಲ. ಮಾತಾಡಿದರೆ ತಪ್ಪಾದೀತು ಅನ್ನುವ ಭಯ. ಅವತ್ತು ಯಾವ ಘಳಿಗೆಯೋ, "ನೀರುಗಂಟಿ ಮಗ ಅಂತ ಗೋಲಿಗೆ ನಿಲ್ಸಿದ್ರೆ, ಅವ್ನು ತೂಬ್ ತೆಕ್ಕಂಡೇ ನಿಂತ್ಬುಟ್ನಲ್ಲಯ್ಯಾ!" ಅಂದುಬಿಟ್ಟೆ. ಅಂಗಡಿಗೆ ಅಂಗಡಿಯೇ ನಕ್ಕಿತು. ಬೋಂಡ ಕರಿಯುತ್ತಿದ್ದವನು ಜಾಲರಿ ಕೆಳಗಿಟ್ಟು ನಕ್ಕ. ನನ್ನ ಮಾತಿಗೆ ಅಷ್ಟು ಜನ ನಕ್ಕಿದ್ದು ಜೀವಮಾನದಲ್ಲಿ ಅದೇ ಮೊದಲು. ಆ ಖುಷಿಗೆ ಇನ್ನೊಂದು ಟೀ ಕುಡಿದೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಮುಂದಿನ ಸಂತೆಯ ಹೊತ್ತಿಗೆ ಆ ಹೆಸರು ಕೆ.ಆರ್.ಪೇಟೆ ತಲುಪಿತ್ತು. ಅದರ ಮುಂದಿನ ಸಂತೆಗೆ ನಾಗಮಂಗಲ. ನನ್ನ ಬಾಮೈದನ ಹೆಸರು ತೂಬು ಆಯಿತು. ಕ್ಷೌರದಂಗಡಿಯಲ್ಲಿ ತೂಬು, ಬಸ್ ಸ್ಟಾಂಡಿನಲ್ಲಿ ತೂಬು. ಅವನು ಮೊದಮೊದಲು ನಕ್ಕ, ಆಮೇಲೆ ಜಗಳಕ್ಕೆ ಹೋದ, ಕೊನೆಗೆ ಮನೆಯಿಂದ ಹೊರಗೆ ಬರುವುದನ್ನೇ ಕಮ್ಮಿ ಮಾಡಿದ. ಆ ಹೆಸರಿಟ್ಟವರು ಯಾರು ಅಂತ ಅವನಿಗೆ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ. ಮಾವನವರಿಗಂತೂ ಅಂಥದೊಂದು ಹೆಸರಿದೆ ಅನ್ನುವುದೇ ಗೊತ್ತಿರಲಿಲ್ಲ. ಗದ್ದೆಗೆ ನೀರು ಬೇಕಾದ ಯಾವ ಮನುಷ್ಯ ನೀರುಗಂಟಿಯ ಎದುರಿಗೆ ಅವನ ಮಗನನ್ನು ಅಣಕಿಸುತ್ತಾನೆ?

ಹೀಗೆ ಒಂದು ವರ್ಷ ನಾನು ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಾವನವರ ಮನೆಯ ಊಟ ಉಂಡೆ.

ಬೆಂಗಳೂರಿನ ಪಂದ್ಯ ಗೊತ್ತಾದಾಗ ಬಾಮೈದ ನನ್ನ ಹತ್ತಿರ ಬಂದು ಹೇಳಿದ್ದ: "ಬಾವ, ಇದೇ ಕಡೇದು. ಅಲ್ಲೂ ಏನಾರ ಆದ್ರೆ ನಾನಿನ್ನು ಚೆಂಡ್ ಮುಟ್ಟಕಿಲ್ಲ. ಆ ಎಸ್ರು ಓದ್ರೆ ಅವತ್ತೇ ಓಗ್ಬೇಕು, ಇಲ್ದಿದ್ರೆ ನಾನ್ ಸತ್ತ ಮೇಲೂ ನನ್ ಮಕ್ಳಿಗೆ ಅದೇ ಎಸ್ರು." ನಾನು ಅವನ ಬೆನ್ನು ತಟ್ಟಿದೆ. ಕಟುಕರು ಕುರಿಯ ಬೆನ್ನು ತಟ್ಟುವುದನ್ನು ನಾನು ಸಾಕಷ್ಟು ನೋಡಿದ್ದೇನೆ, ಆದ್ದರಿಂದ ನನ್ನ ಕೈ ನನಗೇ ಅಸಹ್ಯವಾಯಿತು. ಆ ಪಂದ್ಯದ ದಿನ ಏನೇ ಆಗಲಿ, ತಪ್ಪೊಪ್ಪಿಕೊಳ್ಳಬೇಕು ಅಂತ ತೀರ್ಮಾನಿಸಿದೆ. ಮಾತುಗಳನ್ನೂ ಜೋಡಿಸಿಕೊಂಡೆ.

ಅಷ್ಟರಲ್ಲಿ ಮಾವನವರು ತಾವೂ ಬರುತ್ತೇನೆಂದರು. ನಾಲೆಯ ರಿಪೇರಿಗೆ ನೀರು ನಿಲ್ಲಿಸಿದ್ದರು, ಅವರಿಗೆ ಕೆಲಸವಿರಲಿಲ್ಲ. "ನಮ್ ಐದ ಅದೇನ್ ಮಾಡ್ತಾನೋ ಒಂದ್ಸಲ ನೋಡ್ಬುಡಾನ ಅಳಿಮಯ್ಯ. ಅವ್ನು ನಮ್ಮೆದ್ರಿಗೆ ಅದ್ರ ಮಾತೇ ಎತ್ತಕಿಲ್ಲ" ಅಂದರು. ಆಟ ನೋಡಲು ಹೊರಟಿದ್ದ ಮೂವತ್ತೆಂಟು ಜನರ ಬಾಯಿ, ಅವರ ನಡುವೆ ಮಾವನವರ ಕಿವಿ. ನನ್ನ ಭಯಗಳ ಪಟ್ಟಿಯ ತಲೆಯ ಮೇಲೆ ಇನ್ನೊಂದು ಭಯ ಬಂದು ಕೂತಿತು.

ಲಾರಿ ಹೊರಡುವ ಮೊದಲು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೈ ಮುಗಿದೆ. "ಎಜಮಾನ್ರು ಲಾರೀಲವ್ರೆ. ದಯವಿಟ್ಟು ಆ ಪದ ಒಂದ್ ದಿನ ಬ್ಯಾಡ." ಕೆ.ಆರ್.ಪೇಟೆಯ ಸೈಕಲ್ ಶಾಪಿನವನೊಬ್ಬನಿದ್ದ. ಆ ಹೆಸರನ್ನು ಅವನಷ್ಟು ಬಾಯಿ ತುಂಬ ಕರೆದವರು ಇಲ್ಲ. ಅವನು ನಕ್ಕು, "ಯಾವ ಪದ ಕಾಂಪೌಂಡ್ರೇ?" ಅಂದ. "ಗೊತ್ತಲ್ಲ." "ಇಲ್ಲ, ನೀವೇ ಏಳಿ." ನಾನು ಮತ್ತೆ ಕೈ ಮುಗಿದೆ. ಅವನು ಆಣೆ ಇಟ್ಟ ಹಾಗೆ ಮಾಡಿ ಲಾರಿ ಹತ್ತಿದ.

ದಾರಿಯುದ್ದಕ್ಕೂ ತಾಲ್ಲೂಕಿಗೊಂದು ಮೂಲೆ. ನಾಗಮಂಗಲದವರು ರಾಗಿ ರೊಟ್ಟಿ ಬಿಚ್ಚಿದರೆ ನಾಲೆ ಕಡೆಯವರು, "ಏನ್ರಪ್ಪಾ, ನಿಮ್ಮೂರ್ ಕೆರೆ ಈ ಸಲಾನಾರ ತುಂಬ್ತಾ, ಇಲ್ಲಾ ಇನ್ನೂವೆ ದನ ಮೇಯ್ಸಕೇ ಇಟ್ಕಂಡಿದೀರಾ?" ಅನ್ನುವರು. "ನಾಲೆ ಅಂಚಿಗೆ ಕುಂತ್ಕಂಡೂ ನೀರ್ ಸಾಲ್ದು ಸಾಲ್ದು ಅಂತ ಬಡ್ಕತೀರಲ್ಲ, ನಿಮ್ಮಂಗೆ ಬಾಯ್ ಬಡ್ಕಳಕೆ ನಮಗೆ ಬರಕಿಲ್ಲ ಬುಡಿ" ಅಂತ ನಾಗಮಂಗಲದ ಉತ್ತರ. ಲಾರಿಯ ಮುಂಭಾಗದಲ್ಲಿ ಆಟಗಾರರು ಗೋಣಿಚೀಲದ ಮೇಲೆ ಕೂತಿದ್ದರು. ಬಾಮೈದ ಮೊಣಕಾಲಿಗೆ ಗದ್ದವೂರಿ ರಸ್ತೆ ನೋಡುತ್ತಿದ್ದ. ಮಾವನವರು ಎರಡು ಪಿಂಡಿ ಅಚ್ಚುಬೆಲ್ಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಯಾಕೆ ಅಂದರೆ, "ಇನ್ನೊಬ್ರ ಊರಿಗೆ ಓಯ್ತಾ ಇದೀವಿ, ಬರಿಗೈಲಿ ಓಗದಾ?" ಅಂದರು.

ಮೈದಾನ ದಂಡಿನ ಕಡೆ ಇತ್ತು. ಬಿಳಿಯರ ಪಲ್ಟನ್ನುಗಳು ಆಡಿದ್ದ ಜಾಗ, ಆ ಕಾಲದಿಂದಲೂ ಫುಟ್‌ಬಾಲಿಗೆ ಹೆಸರಾದದ್ದು. ನನಗೆ ಮೊದಲು ಕಂಡದ್ದು ಅದರ ಇಟ್ಟಿಗೆಯ ಗೋಡೆ. ಕೆಳಗೆ ಸಾವಿರಾರು ಬೆನ್ನುಗಳು ಒರಗಿ ಒರಗಿ ಎಣ್ಣೆ ಹತ್ತಿದ ಹಾಗೆ ಕಪ್ಪಾಗಿತ್ತು. ಒಳಗೆ ಸವೆದ ಮರದ ಮೆಟ್ಟಿಲು. ಹುಲ್ಲು ಮಾತ್ರ, ನಮ್ಮ ಕಡೆಯ ಯಾವ ಹಸು ನೋಡಿದ್ದರೂ ಕಣ್ಣೀರು ಹಾಕುವಂತಿತ್ತು. ನಮ್ಮ ಹುಡುಗರು ಅದರ ಮೇಲೆ ಕಾಲಿಡುವ ಮೊದಲು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಗೇಟಿನವನು ಬೆಲ್ಲದ ಪಿಂಡಿ ನೋಡಿ, "ಇದೇನ್ರೀ?" ಅಂದ. "ನಿಮ್ ಕಡೆಯೋರಿಗೆ" ಅಂದರು ಮಾವನವರು. ಅವನು ಅದನ್ನು ಮೂಸಿ, ನನ್ನ ಮುಖ ನೋಡಿ, "ತಗೊಂಡೇ ಹೋಗಿ ಯಜಮಾನ್ರೇ" ಅಂತ ಒಳಗೆ ಬಿಟ್ಟ.

ಊರಿನವರೆಲ್ಲ ಉದ್ದನೆಯ ಮೆಟ್ಟಿಲಿನಲ್ಲೂ ಆಚೆ ಗೋಲಿನ ಹಿಂದೆಯೂ ಕೂತಿದ್ದರು. ತಮಿಳು, ಉರ್ದು, ಇಂಗ್ಲಿಷು, ಕನ್ನಡ ಎಲ್ಲ ಒಟ್ಟಿಗೆ ಗದ್ದಲ. ಹೊರಗಿನಿಂದ ಬಂದವರಿಗೆ ಅಂತ ತೋರಿಸಿದ್ದು ಈಚೆ ಗೋಲಿನ ಹಿಂದಿನ ಬಿಸಿಲು. ಅಲ್ಲಿ ಕೂತೆವು, ಅಲ್ಲೂ ತಾಲ್ಲೂಕುವಾರು. ಬಾಮೈದ ನಮಗೆ ಬೆನ್ನು ಮಾಡಿ ಇಪ್ಪತ್ತು ಮಾರು ದೂರದಲ್ಲಿ ನಿಂತ.

ಆಟ ಶುರುವಾಯಿತು. ನಮ್ಮವರ ಬೆಂಬಲ ಹೇಗಿತ್ತೆಂದರೆ, ಕೆ.ಆರ್.ಪೇಟೆಯ ಹುಡುಗನ ಕಾಲಿಗೆ ಚೆಂಡು ಸಿಕ್ಕರೆ ಕೆ.ಆರ್.ಪೇಟೆಯವರು ಮಾತ್ರ ಕೂಗುವರು. ಅವನು ಅದನ್ನು ನಾಗಮಂಗಲದವನಿಗೆ ಕೊಟ್ಟರೆ ಆ ಮೂಲೆ ತಣ್ಣಗಾಗಿ ಈ ಮೂಲೆ ಏಳುವುದು. "ಯಾಕ್ಲಾ ಅವ್ನಿಗೆ ಕೊಟ್ಟೆ? ನೀನೇ ಒಡಿ ಕಣ್ಲಾ!" ಆಚೆ ದಡದಲ್ಲಿ ಸಾವಿರಾರು ಜನ ಒಂದೇ ಗಂಟಲಲ್ಲಿ ಅಬ್ಬರಿಸುತ್ತಿದ್ದರೆ, ನಾವು ಮೂವತ್ತೆಂಟು ಜನ ನಾಲ್ಕು ಗಂಟಲಲ್ಲಿ ಸರದಿಯ ಮೇಲೆ ಕೂಗುತ್ತಿದ್ದೆವು.

ಮಾವನವರಿಗೆ ಒಂದು ವಿಷಯ ಬಗೆಹರಿಯಲಿಲ್ಲ. "ಅಳಿಮಯ್ಯ, ಎಲ್ರೂ ಓಡ್ತಾವ್ರೆ. ನಮ್ ಐದ ಯಾಕಂಗೆ ನಿಂತವ್ನೆ? ಊಟ ಮಾಡ್ಲಿಲ್ವಾ?"

"ಇಲ್ಲ ಮಾವ, ಅವನ ಕೆಲಸವೇ ಅದು."

"ನಿಂತ್ಕಳದಾ?"

"ಆ ಎರಡು ಕಂಬದ ನಡುವೆ ಚೆಂಡು ಒಳಕ್ಕೆ ಹೋಗದಂಗೆ ನೋಡ್ಕಳೋದು. ಬೇರೆಯವರೆಲ್ಲ ಎಲ್ಲಿ ಬೇಕಾದರೂ ಓಡಬಹುದು. ಇವನು ಜಾಗ ಬಿಡೋ ಹಾಗಿಲ್ಲ."

ಅವರು ಕಂಬ ನೋಡಿದರು. ಮೇಲಿನ ಅಡ್ಡಪಟ್ಟಿ ನೋಡಿದರು. ಹಿಂದಿನ ಬಲೆ ನೋಡಿದರು. ಚೆಂಡು ಯಾವ ಕಡೆಯಿಂದ ಬರುತ್ತದೆ, ಮಗ ಯಾವ ಕಡೆಗೆ ವಾಲುತ್ತಾನೆ ಅಂತ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತೊಡೆ ತಟ್ಟಿ, ಇಡೀ ನಾಲೆಯ ಉದ್ದಕ್ಕೂ ಕೇಳುವಂಥ ಅವರ ಆ ಗಂಟಲಿನಲ್ಲಿ ಕೂಗಿದರು:

"ಅಂಗನ್ನಿ! ಇದು ತೂಬು!"

ಮೂವತ್ತೇಳು ಜನ ಒಮ್ಮೆಗೇ ಸುಮ್ಮನಾದರು.

"ನಮ್ ಐದ ತೂಬ್ ಕಾಯ್ತಾವ್ನೆ ಕಣ್ರಪ್ಪೋ! ನಾಲೆ ಕಡೀಕೆ ಬರಕಿಲ್ಲ, ನಮ್ ಕಸುಬು ಇವ್ನಿಗೆ ಅತ್ತಲಿಲ್ಲ ಅಂತಿದ್ದೆ. ಬೆಂಗ್ಳೂರ್ನಲ್ಲಿ ಬಂದು ಅದ್ನೇ ಮಾಡ್ತಾವ್ನೆ ನೋಡಿ!" ಅಂತ ಸುತ್ತ ಎಲ್ಲರ ಮುಖವನ್ನೂ ನೋಡಿದರು. ಅವರ ಮುಖದಲ್ಲಿದ್ದ ಹಿಗ್ಗನ್ನು ಎದುರಿಸಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಸೈಕಲ್ ಶಾಪಿನವನು ತನ್ನ ಚಪ್ಪಲಿಯ ಉಂಗುಷ್ಟವನ್ನು ಹೊಸದಾಗಿ ಕಂಡವನ ಹಾಗೆ ನೋಡುತ್ತ ಕೂತ.

ಬಾಮೈದನಿಗೂ ಕೇಳಿಸಿತ್ತು. ಅವನು ಒಮ್ಮೆ ತಿರುಗಿದ. ಮೊದಲು ಅವನ ಮುಖ ಬಿಳಿಚಿಕೊಂಡದ್ದು ಕಂಡಿತು. ಆಮೇಲೆ ಅಪ್ಪ ಎರಡೂ ಕೈ ಎತ್ತಿ, ತೂಬಿನ ಹಲಗೆಯನ್ನು ಕೆಳಕ್ಕೆ ಒತ್ತುವ ಹಾಗೆ ಸನ್ನೆ ಮಾಡುತ್ತಿದ್ದದ್ದನ್ನು ಕಂಡ. "ಗಟ್ಟಿಯಾಗ್ ಮುಚ್ಕಂಡು ನಿಂತ್ಕ ಮಗಾ!" ಅಂದರು. ಅವನು ಏನು ಅಂದುಕೊಂಡನೋ. ಚೆಂಡು ಬರುತ್ತಿತ್ತು, ಅತ್ತ ತಿರುಗಿಕೊಂಡ. ಅದನ್ನು ಎದೆಗವಚಿಕೊಂಡು ಬಿದ್ದ. ಅಲ್ಲಿಂದ ವಿರಾಮದ ತನಕ ಒಂದೂ ಒಳಗೆ ಬಿಡಲಿಲ್ಲ.

ವಿರಾಮವಾದ ಮೇಲೆ ಎರಡು ತಂಡಗಳೂ ಕಡೆ ಬದಲಾಯಿಸುತ್ತವೆ ಅನ್ನುವುದು ಫುಟ್‌ಬಾಲು ನೋಡಿದವರಿಗೆಲ್ಲ ಗೊತ್ತು. ಬಾಮೈದ ಹೋಗಿ ಆಚೆ ಗೋಲಿನಲ್ಲಿ ನಿಂತ. ಮಾವನವರು ಎದ್ದು ಪಂಚೆ ಎತ್ತಿ ಕಟ್ಟಿದರು.

"ನಡೀರಿ."

"ಎಲ್ಲಿಗೆ ಮಾವ?"

"ತೂಬು ಆ ಕಡೀಕೆ ಓಯ್ತಲ್ಲ."

"ಮಾವ, ನಾವು ಇಲ್ಲೇ ಕೂತು ನೋಡೋದು. ಆ ಕಡೆ ಅವರ ಜನ."

"ಅದೆಂಗಾದದು? ತೂಬ್ ಅಲ್ಲೈತೆ, ನಾವ್ ಇಲ್ ಕುಂತ್ಕಂಡ್ ಏನ್ ನೋಡದು?" ಅಂದು ಹೊರಟೇಬಿಟ್ಟರು. ನೀರುಗಂಟಿ ಎದ್ದು ನಡೆದರೆ ಹಿಂದೆ ನಡೆಯುವುದು ನಾಲೆ ಕಡೆಯವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಶ್ರೀರಂಗಪಟ್ಟಣದವರೂ ಪಾಂಡವಪುರದವರೂ ಎದ್ದರು. ಕೆ.ಆರ್.ಪೇಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಮಾವನವರ ಹನಿ ನೀರಿನ ಹಂಗೂ ಇಲ್ಲದ ನಾಗಮಂಗಲದವರೂ, ಬಿಸಿಲಲ್ಲಿ ತಾವಷ್ಟೇ ಉಳಿಯುವುದೇಕೆ ಅಂತಲೋ ಏನೋ, ರೊಟ್ಟಿಯ ಗಂಟು ಹೊತ್ತು ಬಂದರು. ಮೈದಾನದ ಅಂಚಿಗೆ ಸುಣ್ಣದ ಗೆರೆಯ ಪಕ್ಕ, ಬದುವಿನ ಮೇಲೆ ನಡೆಯುವ ಹಾಗೆ ಒಬ್ಬರ ಹಿಂದೆ ಒಬ್ಬರು, ಎರಡು ಪಿಂಡಿ ಬೆಲ್ಲ ಸಮೇತ, ನಾವು ಶತ್ರುಗಳ ನಡುವೆ ಹೊರಟೆವು. ಒಬ್ಬ ಪೊಲೀಸಿನವನು ಲಾಠಿ ಎತ್ತಿದವನು, ಇದು ದೊಂಬಿಯೋ ದಿಬ್ಬಣವೋ ತಿಳಿಯದೆ ಇಳಿಸಿದ. ನಾನು ಕೊನೆಯಲ್ಲಿದ್ದೆ. ಔಷಧಿ ಚೀಲವನ್ನು ತಲೆಗೆ ಅಡ್ಡ ಹಿಡಿದುಕೊಂಡಿದ್ದೆ.

ಆಚೆ ಗೋಲಿನ ಹಿಂದೆ ಮೊದಲ ಮೆಟ್ಟಿಲಲ್ಲೇ ಒಬ್ಬ ಮುದುಕರು ಕೂತಿದ್ದರು. ಖಾಕಿ ಚಡ್ಡಿ, ಮಡಿಸಿದ ಕಾಲುಚೀಲ, ಹಳೇ ಟೋಪಿ, ಪಲ್ಟನ್ನಿನ ಪಿಂಚಣಿದಾರರಿರಬೇಕು. ತಮಿಳು ಬೆರೆತ ಕನ್ನಡದಲ್ಲಿ ಗದರಿದರು: "ಏಯ್, ಯಾರು ನೀವು? ಈ ಸೈಡು ನಮ್ದು!"

"ನಿಮ್ದೇ ಬುಡಿ ಸ್ವಾಮಿ, ನಾವೇನ್ ಒತ್ಕಂಡ್ ಓಯ್ತೀವಾ?" ಅಂದರು ಮಾವನವರು. "ಅಗೋ, ಮಗ ಅಲ್ ನಿಂತವ್ನೆ. ಅದ್ಕೆ ಬಂದೊ."

"ಯಾರು, ಗೋಲ್ ಕೀಪರಾ? ಆ ಗೋಲಿ ನಿಮ್ಮ ಮಗನಾ?"

"ಊಂ. ನಮ್ಮೋನೇಯ."

ಮುದುಕರು ಮಾವನವರನ್ನು ತಲೆಯಿಂದ ಕಾಲಿನ ತನಕ ನೋಡಿದರು. ಆಮೇಲೆ ಹಿಂದೆ ತಿರುಗಿ ತಮಿಳಿನಲ್ಲಿ ಏನೋ ಕೂಗಿದರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಎರಡು ಸಾಲು ಜನ ಒತ್ತರಿಸಿ ಸರಿದು ಜಾಗ ಮಾಡುತ್ತಿದ್ದರು. ಮಾವನವರು ಮುದುಕರ ಪಕ್ಕದಲ್ಲೇ ಕೂತು, ಪಿಂಡಿ ಬಿಚ್ಚಿ, ಒಂದು ಅಚ್ಚು ಬೆಲ್ಲ ಕೈಗಿಟ್ಟರು. ಆ ಬೆಲ್ಲ ಮೆಟ್ಟಿಲಿನಿಂದ ಮೆಟ್ಟಿಲಿಗೆ ಮುರಿಸಿಕೊಳ್ಳುತ್ತ ಮೇಲಕ್ಕೆ ಹೋಯಿತು.

ಆಮೇಲಿನ ಮುಕ್ಕಾಲು ಗಂಟೆಯನ್ನು ನಾನು ಪೂರ್ತಿ ನೋಡಿದೆ ಅಂದರೆ ಸುಳ್ಳಾದೀತು. ಅರ್ಧವನ್ನು ಬೆರಳ ಸಂದಿಯಿಂದ ನೋಡಿದೆ. ಊರಿನ ತಂಡ ನಮ್ಮ ಮೇಲೆ ಏರಿ ಏರಿ ಬಂತು. ಚೆಂಡು ಬಂದಾಗಲೆಲ್ಲ ಮಾವನವರು ಎದ್ದು ನಿಂತು "ಮುಚ್ಚು! ಮುಚ್ಚು!" ಅನ್ನುವರು. ಅವರು ಅಂದದ್ದನ್ನೇ ಶ್ರೀರಂಗಪಟ್ಟಣದವರು ಅಂದರು, ಪಾಂಡವಪುರದವರು ಅಂದರು. ಒಂದು ಚೆಂಡನ್ನು ಬಾಮೈದ ಮೇಲಿನ ಪಟ್ಟಿಯ ಹತ್ತಿರ ಬೆರಳ ತುದಿಯಿಂದ ಎತ್ತಿ ಆಚೆ ಹಾಕಿದಾಗ, ನಾಲ್ಕೂ ತಾಲ್ಲೂಕು ಒಂದೇ ಬಾಯಿಯಲ್ಲಿ "ಮುಚ್ಚ್ಲಾ!" ಅಂತ ಅರಚಿದ್ದು ನನಗೆ ಕೇಳಿಸಿತು. ಆ ಅರಚಾಟದಲ್ಲಿ ಸೈಕಲ್ ಶಾಪಿನವನ ಗಂಟಲೇ ದೊಡ್ಡದು. ಅವರ ಕಡೆಯವರೂ ಚಪ್ಪಾಳೆ ತಟ್ಟಿದರು. ಪಿಂಚಣಿ ಮುದುಕರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಇಲ್ಲಿ ನಾನು ಬಹಳ ಗೋಲಿ ನೋಡಿದೀನಿ ಯಜಮಾನ್ರೇ" ಅಂದು ಅಷ್ಟಕ್ಕೇ ನಿಲ್ಲಿಸಿದರು.

ಇನ್ನು ಐದು ನಿಮಿಷವಿದ್ದಾಗ ಗೋಲಾಯಿತು. ಅವರದೊಬ್ಬ ಸಣ್ಣಾಳು, ಜನರ ಕಾಲಿನ ಕಾಡಿನೊಳಗಿಂದ ಹೊಡೆದ. ಚೆಂಡು ಕಂಬದ ಒಳಮೈಗೆ ತಾಗಿ ಬಲೆಗೆ ಬಿತ್ತು. ಯಾರಿಂದಲೂ ಹಿಡಿಯಲಾಗುತ್ತಿರಲಿಲ್ಲ. ಆದರೂ ಬಾಮೈದ ಮಂಡಿಯೂರಿ ಕೂತವನು ಏಳಲಿಲ್ಲ. ನಮ್ಮ ಸುತ್ತ ಸಾವಿರ ಜನ ಕುಣಿಯುತ್ತಿದ್ದರು. ನಾನು ನಮ್ಮವರ ಬಾಯಿಗಳನ್ನು ಒಂದೊಂದಾಗಿ ನೋಡಿದೆ. ಯಾರಾದರೂ ಆ ಪದವನ್ನು ಹಳೆಯ ದನಿಯಲ್ಲಿ ಅಂದರೆ ಅಲ್ಲಿಗೆ ಮುಗಿಯಿತು.

ಮಾವನವರು ಬಲೆಯ ಹತ್ತಿರಕ್ಕೇ ಹೋಗಿ ನಿಂತರು.

"ಏಳ್ಲಾ! ಓಗ್ಲಿ ಬುಡು! ಒಂದ್ ಮಡಕೆ ನೀರ್ ಓಗ್ದೆ ಇರೋ ತೂಬು ಯಾವ್ದೈತ್ಲಾ? ಪೂರಾ ಮುಚ್ಬುಟ್ರೆ ಕೆಳಗ್ಲ ಗದ್ದೆಯೋರ್ ಏನ್ ಮಾಡ್ಬೇಕು?"

ಪಿಂಚಣಿ ಮುದುಕರು ನನ್ನನ್ನು ಕೇಳಿದರು, "ಏನಂತಾರೆ?" ನಾನು ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಕೆಳಗಡೆ ಗದ್ದೆ ನಾವಾ? ಸರಿ, ಸರಿ, ನಮಗೂ ಸ್ವಲ್ಪ ನೀರು ಬೇಕಲ್ಲಪ್ಪಾ!" ಅಂತ ಬಾಮೈದನಿಗೆ ಕೇಳುವ ಹಾಗೆ ಕೂಗಿದರು. ಅವನು ಎದ್ದ. ಒಂದು ವರ್ಷದ ಮೇಲೆ ಅವನು ನಕ್ಕದ್ದನ್ನು ಕಂಡೆ.

ಒಂದು ಸೊನ್ನೆಯಲ್ಲಿ ಸೋತೆವು. ಯಾರೂ ಕಲ್ಲು ತೂರಲಿಲ್ಲ. ಬಾಮೈದ ಹೊರಗೆ ಬಂದಾಗ ಸೈಕಲ್ ಶಾಪಿನವನು ಎಲ್ಲರಿಗಿಂತ ಮುಂದೆ ಹೋಗಿ ಅವನ ಭುಜಕ್ಕೆ ಗುದ್ದಿ, "ಚೆನ್ನಾಗ್ ಕಾಯ್ದೆ ಕಣ್ಲಾ ನೀರುಗಂಟಿ" ಅಂದ. ಲಾರಿ ಹತ್ತುವ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ. "ನೀರುಗಂಟಿಗೆ ಜಾಗ ಬುಡ್ರಲಾ." "ನೀರುಗಂಟಿಗೆ ಇನ್ನೆರಡ್ ರೊಟ್ಟಿ ಆಕ್ರಲಾ." ರೊಟ್ಟಿ ನಾಗಮಂಗಲದ್ದು, ಚಟ್ನಿ ಪಾಂಡವಪುರದ್ದು. ಹಳೆಯ ಹೆಸರು ಮೈದಾನದಲ್ಲೇ ಉಳಿದುಹೋಯಿತು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು. ಬಾಮೈದನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಾಗಿತ್ತು. ಐದು ರೊಟ್ಟಿ ತಿಂದ.

ಕೆಂಗೇರಿ ದಾಟಿದಾಗ ಅವನು ನನಗೊರಗಿ ಕೂತ. ಅವನ ಆಚೆಗೆ ಮಾವನವರು ಲಾರಿಯ ಹಲಗೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ಇನ್ನೂ ಬೆಳಕಿತ್ತು. ರಸ್ತೆಯ ಹುಣಸೆಮರಗಳ ನೆರಳು ಲಾರಿಯ ಮೇಲೆ ಹಾದು ಹೋಗುತ್ತಿತ್ತು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಅನ್ನಿಸಿತು. ನಾನು ಎದುರಿನ ಮರಗಳನ್ನೇ ನೋಡುತ್ತ, ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಒಂದೂ ಬಿಡದೆ ಹೇಳಿದೆ. ಆ ತೂಬು ಅನ್ನುವ ಹೆಸರಿಟ್ಟವನು ನಾನೇ ಕಣಪ್ಪ. ಟೀ ಅಂಗಡಿಯಲ್ಲಿ, ನಾಲ್ಕು ಜನರನ್ನು ನಗಿಸುವುದಕ್ಕೆ. ಒಂದು ವರ್ಷ ನಿನ್ನನ್ನು ಅವರೆಲ್ಲ ಅಷ್ಟು ಗೋಳು ಹುಯ್ದುಕೊಂಡರಲ್ಲ, ಅದು ನನ್ನ ಬಾಯಿಂದ ಬಂದದ್ದು. ನಿನ್ನ ಅಕ್ಕನಿಗೂ ಹೇಳಿಲ್ಲ. ನನ್ನದು ತಪ್ಪಾಯಿತು.

ಹೇಳಿ ಮುಗಿಸಿ ಬಗ್ಗಿ ನೋಡಿದೆ. ಅವನು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಯಾವಾಗ ಹೋಗಿದ್ದನೋ.

"ಅಳಿಮಯ್ಯ."

ಮಾವನವರ ಕಣ್ಣು ತೆರೆದಿತ್ತು.

"ವರ್ಸದಿಂದ ಅಂಗಂತಿದ್ರಾ?"

ಬೆಳಗಿನಿಂದ ಎಲ್ಲರ ಬಾಯಿಗೂ ಹೆದರಿದ್ದವನು ನನ್ನ ಬಾಯಿಯೊಂದನ್ನು ಮರೆತಿದ್ದೆ. "ಹೂಂ ಮಾವ."

"ಎಲ್ರೂವೆ?"

"ನಿಮ್ಮೆದುರಿಗೆ ಬಿಟ್ಟು."

ಅವರು ಮಲಗಿದ್ದ ಮಗನ ಮುಖ ನೋಡಿದರು. "ಅದ್ಕೇ ಇವ್ನು ನಾಟಿ ಟೇಮ್ನಲ್ಲೂ ನಾಲೆ ಕಡೀಕೆ ತಲೆ ಆಕ್ತಿರ್ನಿಲ್ಲ. ಸೋಮಾರಿ ಆಗೋದ ಅಂತ ನಾನು... ಒಂದ್ಸಲ ಕೈ ಮಾಡ್ಬುಟ್ಟೆ ಅಳಿಮಯ್ಯ. ಇಷ್ಟುದ್ದ ಬೆಳ್ದ ಮಗನ್ ಮೇಲೆ." ಆಮೇಲೆ ಬಹಳ ಮೆಲ್ಲಗೆ, "ಇವತ್ತು ಅಷ್ಟು ಜನದ್ ಮುಂದೆ ನಾನೂ ಅದ್ನೇ ಕೂಗ್ಬುಟ್ನಲ್ಲ" ಅಂದರು.

"ಮಾವ, ನೀವು ಅಂದದ್ದೇ ಬೇರೆ. ನೀವು ಅಂದ ಮೇಲೆಯೇ ಅದು..."

ಅವರು ಕೈ ಅಡ್ಡ ಮಾಡಿದರು. ಹೆಗಲ ಮೇಲಿನ ವಲ್ಲಿ ತೆಗೆದು ನಾಲ್ಕು ಮಡಿಕೆ ಮಾಡಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಮಗನ ತಲೆಯನ್ನು ನನ್ನ ಭುಜದಿಂದ ಮೆಲ್ಲಗೆ ಎತ್ತಿ, ಎಚ್ಚರವಾಗದ ಹಾಗೆ, ಆ ವಲ್ಲಿಯ ಮೇಲೆ ಒರಗಿಸಿಕೊಂಡರು.

"ನೀವು ಆರಾಮಾಗಿ ಕುಂತ್ಕಳಿ" ಅಂದರು ನನಗೆ.